ಬಳಸದೆ ಹಳತಾದದ್ದು

ಜಯಚಾಮರಾಜ ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ, 2019ರ ಬೇಸಗೆಯಲ್ಲಿ, ನನಗೆ ಅಂಗೈಯಗಲದ ಒಂದು ಕಾಗದದ ಪೊಟ್ಟಣ ದೊರೆಯಿತು. ಅದರ ಬಣ್ಣ ಮಾಸಿತ್ತು, ಮೂಲೆಗಳನ್ನು ಜಿರಲೆ ಮೆದ್ದಿತ್ತು. ಆದರೆ ಅಂಟು ಬಿಟ್ಟಿರಲಿಲ್ಲ. ಕಾರ್ಖಾನೆಯಿಂದ ಹೊರಟ ದಿನದಿಂದ ಅಂದಿನವರೆಗೆ ಅದನ್ನು ಯಾರೂ ತೆರೆದಿರಲಿಲ್ಲವೆಂಬುದು ನೋಡಿದೊಡನೆ ತಿಳಿಯುತ್ತಿತ್ತು. ಒಳಗಿದ್ದುದು ಹಳೆಯ ಜಾವಾ ಮೋಟಾರ್ ಸೈಕಲ್ಲಿನ ಎಂಜಿನ್ನಿಗೆ ಬೇಕಾದ ಒಂದು ಆಯಿಲ್ ಸೀಲು. ಎಂದರೆ ಉಕ್ಕಿನ ಬಳೆಯೊಂದಕ್ಕೆ ರಬ್ಬರಿನ ತುಟಿ ಕಟ್ಟಿದ, ಬಳೆಗಿಂತ ಚಿಕ್ಕದಾದ ಒಂದು ಉಂಗುರ. ಅಂಗಡಿಯವನು ಕೇಳಿದ ಬೆಲೆ ಅಂಥ ಉಂಗುರಕ್ಕೆ ಹೆಚ್ಚೇ ಆಯಿತು. ಆದರೂ ನಾನು ಚೌಕಾಸಿ ಮಾಡಲಿಲ್ಲ. ದೇವರ ಪ್ರಸಾದವನ್ನು ಮನೆಗೆ ತರುವವನಂತೆ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದೆ.

ಆ ಪೊಟ್ಟಣದಿಂದ ನಾನು ಕಲಿತದ್ದನ್ನು ಹೇಳಬೇಕೆಂದು ಈ ಬರಹ. ಹಳೆಯ ಯಂತ್ರಗಳಲ್ಲಿ ಆಸಕ್ತಿಯಿಲ್ಲದ ವಾಚಕರು ಕೂಡ ಸ್ವಲ್ಪ ಸೈರಣೆಯಿಂದ ಮುಂದುವರಿಯಬೇಕೆಂದು ಬೇಡುತ್ತೇನೆ. ಹಳೆಯದನ್ನು ಹೇಗೆ ಗೌರವಿಸಬೇಕು ಎಂಬ ಪ್ರಶ್ನೆ ಮೋಟಾರ್ ಸೈಕಲ್ಲುಗಳಿಗೆ ಮಾತ್ರ ಸೇರಿದ್ದಲ್ಲವಷ್ಟೆ.

ಜಾವಾ ಎಂಬುದು ಚೆಕೊಸ್ಲೊವಾಕಿಯದ ಹೆಸರು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ಲನ್ನು ತಯಾರಿಸುವ ಹಕ್ಕನ್ನು ಕೊಂಡನು. ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಜಾವಾ ಆಯಿತು. ನಮ್ಮ ಕಡೆಯ ಅನೇಕರು ಅದನ್ನು ಜಾವಾ ದ್ವೀಪಕ್ಕೆ ಸೇರಿಸಿ ಯೋಚಿಸುತ್ತಿದ್ದರು. ನಾನೂ ಹುಡುಗನಾಗಿದ್ದಾಗ ಹಾಗೆಯೇ ತಿಳಿದಿದ್ದೆ. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಆರಂಭವಾಯಿತು. ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಯೆಜ್ಡಿ ಎಂದು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೊಂದು ಕಂಪನಿ ಜಾವಾ ಎಂಬ ಹೆಸರಿನಲ್ಲಿ ಹೊಸ ಗಾಡಿಗಳನ್ನು ತಂದಿತಾದರೂ ಆ ಎಂಜಿನ್ನು ಬೇರೆ ಜಾತಿಯದು. ಅದರ ಒಂದು ಬೋಲ್ಟೂ ನಮ್ಮ ಹಳೆಯದಕ್ಕೆ ಉಪಯೋಗವಿಲ್ಲ. ಆದ್ದರಿಂದ ಹಳೆಯ ಜಾವಾ ಇಟ್ಟುಕೊಂಡವನಿಗೆ ಉಳಿದಿರುವ ದಾರಿಗಳು ಎರಡೇ. ಇಂದು ಸಣ್ಣ ಕಾರ್ಖಾನೆಗಳಲ್ಲಿ ತಯಾರಾಗುವ ನಕಲು ಭಾಗಗಳು ಒಂದು. ಕಾರ್ಖಾನೆ ಇದ್ದ ಕಾಲದಲ್ಲಿ ತಯಾರಾಗಿ, ಮಾರಾಟವಾಗದೆ, ಯಾವುದೋ ಅಂಗಡಿಯ ಅಟ್ಟದಲ್ಲಿ ಪೊಟ್ಟಣ ಬಿಚ್ಚದೆ ಉಳಿದ ಭಾಗಗಳು ಇನ್ನೊಂದು.

ಈ ಎರಡನೆಯ ಬಗೆಯ ಮೇಲೆ ನಮ್ಮವರಿಗಿರುವ ಮೋಹವನ್ನು ಏನೆಂದು ಬಣ್ಣಿಸಲಿ! ಚಾಮರಾಜಪೇಟೆಗೂ ಪುರಭವನಕ್ಕೂ ನಡುವಣ ಆ ಒಂದು ಮೈಲಿಯ ಹರವಿನಲ್ಲಿ, ಜಯಚಾಮರಾಜ ರಸ್ತೆಯಲ್ಲಿ, ಕಲಾಸಿಪಾಳ್ಯದ ಓಣಿಗಳಲ್ಲಿ, ಭಾನುವಾರದ ಗುಜರಿ ಸಂತೆಯಲ್ಲಿ, ಧೂಳು ಕುಡಿದ ಪೆಟ್ಟಿಗೆಗಳನ್ನು ಮೊಗಚುತ್ತ ನಿಂತ ಮಧ್ಯವಯಸ್ಕರನ್ನು ನೀವು ಕಂಡಿರಬಹುದು. ಅವರಲ್ಲಿ ನಾನೂ ಒಬ್ಬ. ಹತ್ತು ಹೆಜ್ಜೆ ಆಚೆ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಿಕೊಂಡು ಬರುತ್ತೇನೆಂದು ಮನೆಯಲ್ಲಿ ಹೇಳಿ, ಹ್ಯಾಂಡಲ್ಲಿನ ಒಂದು ಹಿಡಿಕೆಯೊಂದಿಗೆ ಹಿಂದಿರುಗಿದ ದಿನಗಳೂ ಉಂಟು.

ನನ್ನ ಗಾಡಿ ನಮ್ಮ ತಂದೆಯವರದು. 1966ರಲ್ಲಿ ಕೊಂಡದ್ದು. ಬಸವನಗುಡಿಯ ಮನೆಯಿಂದ ಮಲ್ಲೇಶ್ವರದ ತಮ್ಮ ಕೆಲಸಕ್ಕೆ ಅವರು 1998ರವರೆಗೆ ಅದರಲ್ಲಿಯೇ ಹೋಗಿಬಂದರು. ಆಮೇಲೆ ಅದು ಮೆಟ್ಟಿಲ ಕೆಳಗೆ, ಗೋಣಿತಾಟಿನ ಮರೆಯಲ್ಲಿ, ಇಪ್ಪತ್ತು ವರ್ಷ ನಿಂತಿತು. ಅದನ್ನು ಮತ್ತೆ ಓಡಿಸಬೇಕೆಂದು ನಾನು ಹೊರಟಾಗ ಎಲ್ಲವೂ ಮೂಲದಂತೆಯೇ ಆಗಬೇಕೆಂಬ ಹಟ ಹಿಡಿದೆ. ಕಾರ್ಖಾನೆಯ ಕಾಲದ ಭಾಗವೇ ಬೇಕು, ನಕಲು ಬೇಡ. ಈ ಹಟದಲ್ಲಿ ಪಿತೃಭಕ್ತಿ ಎಷ್ಟಿತ್ತೋ, ಜಂಬ ಎಷ್ಟಿತ್ತೋ, ಇಂದು ಬೇರ್ಪಡಿಸಿ ಹೇಳಲಾರೆ.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಕೆಲಸ ಮಾಡುವ ನಮ್ಮ ಮೇಸ್ತ್ರಿ ಆ ಪೊಟ್ಟಣವನ್ನು ಕೈಗೆ ತೆಗೆದುಕೊಂಡು ಅಂಟು ಬಿಡಿಸಿದ. ಸೀಲಿನ ತುಟಿಯನ್ನು ಹೆಬ್ಬೆರಳ ಉಗುರಿನಿಂದ ಒತ್ತಿದ. ಉಗುರಿನ ಗುರುತು ಬೀಳಲಿಲ್ಲ. ಬಾಗಿಸಿ ಬಿಟ್ಟ, ಅದು ಹಿಂದಿನ ಆಕಾರಕ್ಕೆ ಬರಲು ತಡವರಿಸಿತು. ಅವನು ನನ್ನ ಮುಖ ನೋಡಿ, “ಸ್ವಾಮಿ, ಇದು ಹೊಸದಲ್ಲ. ಬಳಸದ ಹಳೇದು,” ಎಂದ.

ನಾನು ಕೇಳಲಿಲ್ಲ. ಅದನ್ನೇ ಹಾಕಿಸಿದೆ.

ಏನಾಯಿತೆಂದು ಹೇಳುವ ಮೊದಲು ಆ ಉಂಗುರದ ಕೆಲಸವೇನೆಂಬುದನ್ನು ತಿಳಿಸಬೇಕು. ಜಾವಾದ ಎಂಜಿನ್ನು ಎರಡು ಹೊಡೆತದ ಎಂಜಿನ್ನು. 65 ಮಿಲಿಮೀಟರು ಅಗಲದ ಒಂದೇ ಸಿಲಿಂಡರು, ಅದರಲ್ಲಿ 75 ಮಿಲಿಮೀಟರು ಏರಿಳಿಯುವ ಒಂದೇ ಪಿಸ್ಟನ್ನು. ಇಂಥ ಎಂಜಿನ್ನಿಗೆ ಪ್ರತ್ಯೇಕ ಕವಾಟಗಳಿಲ್ಲ. ಪಿಸ್ಟನ್ನು ಮೇಲಕ್ಕೆ ಹೋಗುವಾಗ ಕೆಳಗಿನ ಕೋಣೆಯೊಳಕ್ಕೆ ಪೆಟ್ರೋಲು ಬೆರೆತ ಗಾಳಿ ಸೆಳೆಯಲ್ಪಡುತ್ತದೆ. ಕೆಳಕ್ಕೆ ಬರುವಾಗ ಆ ಮಿಶ್ರಣವೇ ಒತ್ತಡಕ್ಕೊಳಗಾಗಿ ಮೇಲಿನ ಸಿಲಿಂಡರಿಗೆ ಹಾಯುತ್ತದೆ. ಹಾಗೆಂದರೆ ಕೆಳಗಿನ ಕೋಣೆಯೇ ಒಂದು ತಿದಿ. ಕಮ್ಮಾರನ ತಿದಿಗೆ ತೂತು ಬಿದ್ದರೆ ಒಲೆ ಉರಿಯುವುದಿಲ್ಲ. ಆ ಕೋಣೆಯ ಎರಡು ಬದಿಗಳಿಂದ ಕ್ರ್ಯಾಂಕಿನ ದಂಡ ಹೊರಕ್ಕೆ ಚಾಚಿದೆ. ದಂಡ ತಿರುಗುತ್ತಿರಬೇಕು, ಆದರೆ ಗಾಳಿ ನುಗ್ಗಬಾರದು. ಈ ಎರಡು ವಿರುದ್ಧ ಕರ್ತವ್ಯಗಳನ್ನೂ ನಿರ್ವಹಿಸುವುದು ಆ ರಬ್ಬರಿನ ತುಟಿ. ಎಡಗಡೆಯ ಸೀಲು ಸೋತರೆ ಕ್ಲಚ್ಚಿನ ಕಡೆಯ ಎಣ್ಣೆ ಒಳಕ್ಕೆ ಬಂದು ಬೀದಿಯೆಲ್ಲ ಹೊಗೆಯಾಗುತ್ತದೆ. ಅದನ್ನು ನೆರೆಹೊರೆಯವರೇ ಹೇಳಿಬಿಡುತ್ತಾರೆ. ಡೈನಮೋ ಇರುವ ಬಲಗಡೆಯ ಸೀಲು ಸೋತರೆ ಹೊಗೆ ಬಾರದು, ಗಾಳಿ ಒಳಕ್ಕೆ ನುಸುಳುತ್ತದೆ. ಗಾಳಿ ಹೆಚ್ಚಿ ಪೆಟ್ರೋಲು ಕಡಿಮೆಯಾದ ಮಿಶ್ರಣ ಬಹಳ ಕಾವಿನಿಂದ ಉರಿಯುತ್ತದೆ. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಓಡಿಸುವ ಗಾಡಿಯಾದ್ದರಿಂದ ಪೆಟ್ರೋಲು ಕಡಿಮೆಯಾದರೆ ಪಿಸ್ಟನ್ನಿಗೆ ಸಿಗುವ ಎಣ್ಣೆಯೂ ಕಡಿಮೆ. ಕಾವಿಗೆ ಅಲ್ಯುಮಿನಿಯಮ್ ಪಿಸ್ಟನ್ನು ಹಿಗ್ಗಿ, ಎಣ್ಣೆಯಿಲ್ಲದೆ ಕಬ್ಬಿಣದ ಗೋಡೆಗೆ ಕಚ್ಚಿಕೊಳ್ಳುತ್ತದೆ.

ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ಪ್ರಿಯರು ಒಂದು ಹಬ್ಬವಾಗಿ ಆಚರಿಸುತ್ತಾರೆ. 2019ರಲ್ಲಿ ಅದು 14ನೆಯ ತಾರೀಖು ಬಿತ್ತು. ನಾನು ಒಬ್ಬನೇ ಮೈಸೂರಿಗೆ ಹೋಗಿ, ಮುಚ್ಚಿದ ಕಾರ್ಖಾನೆಯಿದ್ದ ಯಾದವಗಿರಿಯಲ್ಲಿ ಗಾಡಿಯನ್ನು ನಿಲ್ಲಿಸಿ ಬರೋಣವೆಂದು ಬೆಳಗಿನ ಜಾವ ಹೊರಟೆ. ಕೆಂಗೇರಿ ದಾಟುವ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂದಿತ್ತು: ವೇಗದ ಹಿಡಿಕೆಯನ್ನು ಬಿಟ್ಟರೂ ಎಂಜಿನ್ನಿನ ಸದ್ದು ಕೂಡಲೆ ಇಳಿಯುತ್ತಿರಲಿಲ್ಲ, ಏನೋ ಹೇಳಬೇಕೆಂದು ಮೇಲು ಸ್ವರದಲ್ಲಿಯೇ ನಿಲ್ಲುತ್ತಿತ್ತು. ಬಹು ವರ್ಷ ವಿಶ್ರಾಂತಿ ಪಡೆದ ಯಂತ್ರದ ಉತ್ಸಾಹವೆಂದು ನಾನು ಅದನ್ನು ಕಾವ್ಯಮಯವಾಗಿ ಅರ್ಥಮಾಡಿಕೊಂಡೆ. ಬಿಡದಿ ಇನ್ನೂ ಬಂದಿರಲಿಲ್ಲ. ಒಂದು ಚೀರು ಕೇಳಿಸಿತು, ಹಿಂದಿನ ಚಕ್ರ ನೆಲಕ್ಕೆ ಹೊಲಿದಂತೆ ನಿಂತಿತು, ಗಾಡಿ ನಾಲ್ಕು ಮಾರು ಜಾರಿತು. ಬೀಳದೆ ಉಳಿದದ್ದು ನನ್ನ ಕೌಶಲವಲ್ಲ.

ದೇಹಕ್ಕೆ ಪೆಟ್ಟಾಗಲಿಲ್ಲ. ಪೆಟ್ಟಾದದ್ದು ಸಿಲಿಂಡರಿಗೆ, ಮತ್ತು ಆ ಪೆಟ್ಟಿನ ಲೆಕ್ಕ ನನ್ನನ್ನು ಇಂದಿಗೂ ಬಾಧಿಸುತ್ತದೆ. ಸಿಲಿಂಡರಿನ ಗೋಡೆ ಸವೆದರೆ ಅಥವಾ ಗೀಚಿದರೆ ಅದನ್ನು ಕಾಲು ಮಿಲಿಮೀಟರಿನಷ್ಟು ಕೊರೆದು ಅಗಲಿಸಿ, ಆ ಅಳತೆಯ ದೊಡ್ಡ ಪಿಸ್ಟನ್ನನ್ನು ಹಾಕುತ್ತಾರೆ. ಮತ್ತೆ ಸವೆದರೆ ಇನ್ನೊಂದು ಕಾಲು. ಹೀಗೆ ಕೆಲವೇ ಸಲ ಮಾಡಬಹುದು; ಆಮೇಲೆ ಗೋಡೆ ತೆಳುವಾಗುತ್ತದೆ, ಅಳತೆಯ ಪಿಸ್ಟನ್ನೂ ಸಿಕ್ಕದು. ಆಗ ಹಳೆಯ ಗೋಡೆಯನ್ನು ಕಡೆದು ತೆಗೆದು ಒಳಗೆ ಬೇರೆ ಕೊಳವೆಯನ್ನು ಕೂಡಿಸಬೇಕು. ಒಂದು ಸಿಲಿಂಡರಿಗೆ ಇಷ್ಟೇ ಆಯುಸ್ಸುಗಳೆಂದು ಹುಟ್ಟಿದಾಗಲೇ ಬರೆದಿರುತ್ತದೆ. ನಮ್ಮ ತಂದೆ 32 ವರ್ಷಗಳಲ್ಲಿ, ದಿನವೂ ಓಡಿಸಿ, ಅದರ ಎರಡು ಆಯುಸ್ಸುಗಳನ್ನು ವೆಚ್ಚ ಮಾಡಿದ್ದರು. ತುಕ್ಕು ತೆಗೆಯಲೆಂದು ನಾನು ಮೂರನೆಯದನ್ನು ಬಳಸಿದ್ದೆ. ನಾಲ್ಕನೆಯದು ನನ್ನ ಶ್ರದ್ಧೆಗೆ ಬಲಿಯಾಗಿ ಎರಡು ತಿಂಗಳೊಳಗೆ ಹೋಯಿತು. ಮಾರಿದ ಅಂಗಡಿಯವನ ಮೇಲೆ ನನಗೆ ಕೋಪವಿಲ್ಲ. ಪೊಟ್ಟಣ ನಿಜವಾದದ್ದೇ, ಒಳಗಿನ ಸೀಲೂ ನಿಜವಾದದ್ದೇ. ಅದನ್ನು ಮಾಡಿದವರು ಐದಾರು ವರ್ಷಗಳೊಳಗೆ ಯಾರಾದರೂ ಬಳಸುವರೆಂದು ಮಾಡಿದ್ದರು, ಪೂಜಿಸುವರೆಂದು ಮಾಡಿರಲಿಲ್ಲ.

ರಬ್ಬರಿನ ಸ್ವಭಾವವೇ ಅಂಥದು. 1839ರಲ್ಲಿ ಗುಡ್‌ಇಯರ್ ಎಂಬ ಅಮೆರಿಕನ್ನನು ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ಉಪಾಯವನ್ನು ಕಂಡನಷ್ಟೆ. ಗಂಧಕದ ಸೇತುವೆಗಳಿಂದ ಕೂಡಿದ ಆ ಉದ್ದನೆಯ ಸರಪಳಿಗಳ ಮೇಲೆ ಗಾಳಿಯ ಆಮ್ಲಜನಕ ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ. ಮೃದುತ್ವಕ್ಕಾಗಿ ಬೆರೆಸಿದ ಎಣ್ಣೆಯಂಶ ಮೆಲ್ಲನೆ ಹೊರಕ್ಕೆ ಸೋರಿಹೋಗುತ್ತದೆ. ಎಣ್ಣೆಗೆ ಜಗ್ಗದ ಕೃತಕ ರಬ್ಬರುಗಳು ಬಂದಮೇಲೂ ಮುಪ್ಪು ತಪ್ಪಲಿಲ್ಲ, ತಡವಾಯಿತು, ಅಷ್ಟೆ. ಪೊಟ್ಟಣದ ಕಾಗದ ಬೆಳಕನ್ನು ತಡೆಯಬಲ್ಲುದು, ಕಾಲವನ್ನು ತಡೆಯಲಾರದು. ವಿಚಿತ್ರವೆಂದರೆ, ಎಣ್ಣೆಯಲ್ಲಿ ನೆನೆಯುತ್ತ ಕೆಲಸ ಮಾಡುತ್ತಿರುವ ಸೀಲು ಎಷ್ಟೋ ವೇಳೆ ಅಟ್ಟದ ಮೇಲೆ ಒಣಗುತ್ತಿರುವ ಸೀಲಿಗಿಂತ ಮೆತ್ತಗಿರುತ್ತದೆ.

ಹಾಗಾದರೆ ಹಳೆಯ ಪೊಟ್ಟಣಗಳನ್ನೆಲ್ಲ ಎಸೆಯಬೇಕೆ? ಖಂಡಿತ ಬೇಡ. ಇಲ್ಲಿಯೇ ನನ್ನ ಕೆಲವು ಕಿರಿಯ ಮಿತ್ರರೊಡನೆ ನನಗೆ ಭಿನ್ನಾಭಿಪ್ರಾಯ. ಅವರು ಒಮ್ಮೆ ಮೋಸಹೋಗಿ, ಈಗ ಹಳೆಯದೆಂದರೆ ದೂರ ಸರಿಯುತ್ತಾರೆ. ಅದು ಇನ್ನೊಂದು ಬಗೆಯ ಮೂಢತನ. ಲೋಹದ ಮಾತೇ ಬೇರೆ. ಎಣ್ಣೆಕಾಗದದಲ್ಲಿ ಸುತ್ತಿಟ್ಟ, ತುಕ್ಕಿನ ಚುಕ್ಕೆಯಿಲ್ಲದ ಕಾರ್ಖಾನೆಯ ಗೇರನ್ನು ನಾನು ಯಾವ ದಿನವಾದರೂ ಕಣ್ಣಿಗೊತ್ತಿಕೊಂಡು ಹಾಕಿಸುತ್ತೇನೆ. ಉಕ್ಕನ್ನು ಕಾಯಿಸಿ, ತಣಿಸಿ, ಮೇಲ್ಮೈಯನ್ನು ಗಡಸುಮಾಡಿ, ಒಳಭಾಗವನ್ನು ಜಿಗುಟಾಗಿ ಉಳಿಸುವ ಹದ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ನಕಲು ಮಾಡುವವನು ಅದನ್ನು ಸುಲಭವಾಗಿ ಬಿಟ್ಟುಬಿಡುತ್ತಾನೆ. ಆಕಾರ ಮಾತ್ರ ಹೋಲುವ ಮೆದು ಗೇರು ಕೆಲವೇ ಸಾವಿರ ಮೈಲಿಗಳಲ್ಲಿ ಹಲ್ಲುದುರಿದ ಮುದುಕನಾಗುತ್ತದೆ. ಪಿಸ್ಟನ್ನಿಗೂ ಇದೇ ಮಾತು. ಎಷ್ಟು ಸಿಲಿಕಾನ್ ಬೆರೆಸಿದರೆ ಅಲ್ಯುಮಿನಿಯಮ್ ಎಷ್ಟು ಹಿಗ್ಗುತ್ತದೆಂಬುದನ್ನು ಲೆಕ್ಕಹಾಕಿ ಎರಕ ಹೊಯ್ದ ಹಳೆಯ ಪಿಸ್ಟನ್ನು, ಲೆಕ್ಕವಿಲ್ಲದೆ ಹೊಯ್ದ ಹೊಸದಕ್ಕಿಂತ ಎಷ್ಟೋ ಮೇಲು. ಹಿತ್ತಾಳೆಯ ಜೆಟ್ಟುಗಳು, ತೇಲುಬುರುಡೆಗಳು, ಸರಿಯಾಗಿ ಇರಿಸಿದ್ದರೆ, ನೂರು ವರ್ಷವಾದರೂ ಕೆಡವು. ಪಿಂಗಾಣಿಗೂ ವಯಸ್ಸಿಲ್ಲ. 1951ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪನಿಯ ಹಳೆಯ ಕಿಡಿಪ್ಲಗ್ಗೊಂದು ತಂದೆಯವರ ಪೆಟ್ಟಿಗೆಯಲ್ಲಿತ್ತು. ತಂತಿಬ್ರಷ್ಷಿನಿಂದ ಉಜ್ಜಿ ಹಾಕಿದೆ, ಮೊದಲ ಒದೆತಕ್ಕೆ ಕಿಡಿ ಕೊಟ್ಟಿತು.

ನಡುವೆ ನಿಲ್ಲುವ ಕೆಲವು ವಸ್ತುಗಳಿವೆ, ವಂಚನೆ ಹೆಚ್ಚು ನಡೆಯುವುದು ಅಲ್ಲಿ. ಬೇರಿಂಗು ಉಕ್ಕಿನದೇ, ಆದರೆ ಅದರೊಳಗಿನ ಗ್ರೀಸು ದಶಕಗಳಲ್ಲಿ ಮೇಣವಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ತಿರುಗಿಸಿ, ಕಿವಿಗೊಟ್ಟು ಕೇಳಬೇಕು. ಮರಳಿನ ಸದ್ದು ಬಂದರೆ ಗುಂಡುಗಳ ಮೇಲೆ ತುಕ್ಕಿನ ಕಲೆಯಿದೆಯೆಂದು ಅರ್ಥ. ಕಂಡೆನ್ಸರಿನೊಳಗೆ ಕಾಗದದ ಸುರುಳಿಯಿದೆ. ತೇವ ಒಳಹೊಕ್ಕರೆ ಹೊರಗಿನ ಡಬ್ಬಿ ಮಿರುಗುತ್ತಿದ್ದರೂ ಒಳಗೆ ಸತ್ತಿರುತ್ತದೆ. ಪೆಟ್ಟಿಗೆಯಿಂದ ತೆಗೆದ ಹೊಸ ಕಂಡೆನ್ಸರು ದಾರಿಯಲ್ಲಿ ಕೈಕೊಟ್ಟಾಗ ಮನುಷ್ಯ ಬೇರೆಲ್ಲವನ್ನೂ ಸಂಶಯಿಸುತ್ತಾನೆ, ಅದನ್ನು ಮಾತ್ರ ಸಂಶಯಿಸುವುದಿಲ್ಲ. ಏಕೆಂದರೆ ಅದು ‘ಹೊಸದು’.

ಇದರ ಮೇಲೆ ಈಗ ಪೆಟ್ರೋಲೇ ಬದಲಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಶೇಕಡಾ 20ರಷ್ಟು ಬೆರೆಯಿತು. ಅರವತ್ತರ ದಶಕದ ರಬ್ಬರು ಈ ಮದ್ಯಸಾರವನ್ನು ಕನಸಿನಲ್ಲಿಯೂ ಕಂಡಿರಲಿಲ್ಲ. ಹಳೆಯ ಕೊಳವೆ, ಹಳೆಯ ವಾಷರು ಉಬ್ಬುತ್ತವೆ, ಬಿರಿಯುತ್ತವೆ. ಇನ್ನೂ ಹಳೆಯ ಎಂಜಿನ್ನುಗಳಲ್ಲಿ ಬೆಂಡಿನ ತೇಲುಗಳಿಗೆ ಅರಗಿನ ಲೇಪ ಕೊಡುತ್ತಿದ್ದರು. ಅರಗು ಮದ್ಯಸಾರದಲ್ಲಿ ಕರಗುತ್ತದೆಂದು ಮರಗೆಲಸದವನಿಗೂ ಗೊತ್ತು. ಅರಗಿನ ಮನೆಗೆ ಬೆಂಕಿಯಿಂದ ಬಂದ ವಿಪತ್ತು ಈ ತೇಲಿಗೆ ಪೆಟ್ರೋಲಿನಿಂದ ಬರುತ್ತದೆ. ಪೊಟ್ಟಣದೊಳಗೆ ಕುಳಿತ ಭಾಗಕ್ಕೆ ಲೋಕ ಬದಲಾದ ಸುದ್ದಿ ಮುಟ್ಟಿರುವುದಿಲ್ಲ.

ಮೂಲನಿಷ್ಠರ ವಾದವನ್ನು ನಾನು ಲಘುವಾಗಿ ಕಾಣುವುದಿಲ್ಲ. ಒಂದೊಂದೇ ಭಾಗವನ್ನು ಬದಲಿಸುತ್ತ ಹೋದರೆ ಕೊನೆಗೆ ಉಳಿಯುವುದು ತಂದೆಯ ಗಾಡಿಯೇ, ಅದರ ಹೆಸರು ಹೊತ್ತ ಬೇರೊಂದೇ ಎಂದು ಅವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಗ್ರೀಕರು ಹಡಗೊಂದನ್ನು ಮುಂದಿಟ್ಟುಕೊಂಡು ಇದನ್ನೇ ಚರ್ಚಿಸಿದ್ದರು. ನಮ್ಮ ದೇವಾಲಯಗಳಲ್ಲಿ ಇದಕ್ಕೆ ಬಹು ಹಿಂದೆಯೇ ಉತ್ತರ ಸಿಕ್ಕಿದೆಯೆಂದು ನನಗೆ ತೋರುತ್ತದೆ. ವಿಗ್ರಹವನ್ನು ಪೀಠದ ಮೇಲೆ ನಿಲ್ಲಿಸಲು ಅರಗು, ಮೇಣ, ಬೆಣ್ಣೆ ಮುಂತಾದ ಎಂಟು ದ್ರವ್ಯಗಳನ್ನು ಕುಟ್ಟಿ ಅಷ್ಟಬಂಧವೆಂಬ ಅಂಟನ್ನು ಮಾಡುತ್ತಾರೆ. ವಿಗ್ರಹ ನೂರಾರು ವರ್ಷದ ಹಳೆಯದಿರಬಹುದು. ಅಷ್ಟಬಂಧವನ್ನು ಮಾತ್ರ ಹನ್ನೆರಡು ವರ್ಷಕ್ಕೊಮ್ಮೆ ಕೆತ್ತಿ ತೆಗೆದು ಹೊಸದಾಗಿ ಹಾಕುವುದು ವಾಡಿಕೆ. ಹಳೆಯ ಅಷ್ಟಬಂಧವೇ ಮೂಲ, ಅದನ್ನು ಜೋಪಾನ ಮಾಡಿ ಮತ್ತೆ ಬಳಸಿರಿ ಎಂದು ಯಾವ ಆಗಮಿಕನೂ ಹೇಳಿದ್ದನ್ನು ನಾನು ಕೇಳಿಲ್ಲ. ಕಲ್ಲು ಕಲ್ಲಿನ ಧರ್ಮದಲ್ಲಿದೆ, ಅಂಟು ಅಂಟಿನ ಧರ್ಮದಲ್ಲಿದೆ.

ಇನ್ನೊಂದು ಮಾತು. ಕಾರ್ಖಾನೆಯಿಂದ ಹೊರಟಂತೆಯೇ ಇರಬೇಕು ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಯಾದವಗಿರಿಯ ಕಾರ್ಖಾನೆ ಎಂಜಿನ್ನು ಜೋಡಿಸುವಾಗ ಅದಕ್ಕೆ ಹಾಕುತ್ತಿದ್ದುದು ಆಗತಾನೇ ತಯಾರಾದ ಸೀಲು. ನಲವತ್ತು ವರ್ಷದ ಸೀಲನ್ನು ಅಲ್ಲಿ ಯಾರೂ ಹಾಕುತ್ತಿರಲಿಲ್ಲ. ಆದ್ದರಿಂದ ಇಂದಿನ ಹೊಸ ಸೀಲನ್ನು ಹಾಕುವವನೇ ಕಾರ್ಖಾನೆಯ ಪದ್ಧತಿಗೆ ನಿಷ್ಠ. ನಾನು ನಿಷ್ಠನಾಗಿದ್ದುದು ಪೊಟ್ಟಣಕ್ಕೆ.

ಸಾಹಿತ್ಯದ ಪುಟದಲ್ಲಿ ಬರೆಯುತ್ತಿರುವುದರಿಂದ ಒಂದು ಉಪಮಾನ ಮನಸ್ಸಿಗೆ ಬರುತ್ತದೆ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ಕನ್ನಡ ನಿಘಂಟನ್ನು ಹೊರತಂದಿತು. ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ. ನಮ್ಮ ಹಳೆಯ ಮಾತುಗಳ ಉಗ್ರಾಣ ಅದು. ಅಲ್ಲಿ ಎಷ್ಟೋ ಪದಗಳು ಪೊಟ್ಟಣ ಬಿಚ್ಚದೆ ಕುಳಿತಿವೆ. ಕೆಲವನ್ನು ಹೊಸ ವಾಕ್ಯಕ್ಕೆ ಕೂಡಿಸಿದರೆ ಗೇರಿನಂತೆ ಕಚ್ಚಿಕೊಂಡು ಓಡುತ್ತವೆ. ಕೆಲವು ತುಟಿ ಒಣಗಿದ ಸೀಲುಗಳು, ಹಾಕಿದೊಡನೆ ವಾಕ್ಯದಿಂದ ಗಾಳಿ ಸೋರುತ್ತದೆ. ಯಾವುದು ಯಾವುದೆಂಬುದನ್ನು ನಿಘಂಟು ಹೇಳುವುದಿಲ್ಲ. ಅದಕ್ಕೂ ಉಗುರಿನಿಂದ ಒತ್ತಿ ನೋಡುವ ಮೇಸ್ತ್ರಿ ಬೇಕು. ಇರಲಿ. ಉಪಮಾನವನ್ನು ಬಹಳ ಎಳೆಯಬಾರದು.

ಅಟ್ಟದಲ್ಲಿ ಉಳಿದ ಭಾಗಗಳ ಬಗೆಗೆ ಕೇಳಬೇಕಾದ ಪ್ರಶ್ನೆ ಒಂದಿದೆ: ಇವು ಏಕೆ ಉಳಿದುವು? ಸವೆಯುವ ಭಾಗಗಳು ಕಾರ್ಖಾನೆ ಇದ್ದಾಗಲೇ ಮಾರಾಟವಾಗಿ ಹೋದುವು. ಪಿಸ್ಟನ್ನು, ರಿಂಗು, ಕೇಬಲ್ಲು, ಕ್ಲಚ್ಚಿನ ಬೆಂಡುಗಳು ಯಾವತ್ತೂ ಬೇಡಿಕೆಯಲ್ಲಿದ್ದುವು. ಹಾಗಾಗಿ ಇಂದು ಪೆಟ್ಟಿಗೆಗಟ್ಟಲೆ ಸಿಕ್ಕುವುದು ಯಾರಿಗೂ ಬೇಕಾಗದಿದ್ದದ್ದು. ಅಥವಾ ಅಳತೆ ತಪ್ಪಿದೆಯೆಂದು ಯಾರೋ ಹಿಂದಿರುಗಿಸಿದ್ದು. ಮುದ್ರೆ ನೋಡಿ ಮರುಳಾಗಿ ಮೈಕ್ರೊಮೀಟರಿನಿಂದ ಅಳೆಯದೆ ಪಿಸ್ಟನ್ನು ಹಾಕಿಸಿದವರ ಕಥೆಗಳನ್ನು ಕೇಳಿದ್ದೇನೆ. ಇದಲ್ಲದೆ ಹಳೆಯ ಪೊಟ್ಟಣವನ್ನೇ ಹೊಸದಾಗಿ ಅಚ್ಚು ಹಾಕಿ, ಚಹಾದ ನೀರಿನಲ್ಲಿ ಅದ್ದಿ ವಯಸ್ಸು ತರಿಸುವ ಕಲಾವಿದರೂ ಉಂಟೆಂದು ಹೇಳುತ್ತಾರೆ. ಕೇಳಿದ ಮಾತು, ನಾನು ಕಂಡಿಲ್ಲ.

ಈಗ ಉಳಿದದ್ದು ನಾಲ್ಕನೆಯ ಅಳತೆಯ ಪಿಸ್ಟನ್ನಿನ ಕಥೆ. ಪೂರ್ತಿ ಒಂದು ಮಿಲಿಮೀಟರು ದೊಡ್ಡದಾದ, ಕಾರ್ಖಾನೆಯ ಕಾಲದ ಪಿಸ್ಟನ್ನಿಗಾಗಿ ನಾನು ಎಂಟು ತಿಂಗಳು ಅಲೆದೆ. ನಕಲು ಹಾಕಿಸಿದರೆ ಬೇಗ ಕಚ್ಚಿಕೊಂಡು ಉಳಿದ ಕೊನೆಯ ಆಯುಸ್ಸೂ ಹೋದೀತೆಂಬ ಭಯ. ಕೊನೆಗೆ ಅದು ಇದೆಯೆಂದು ತಿಳಿದದ್ದು ಮಲ್ಲೇಶ್ವರದಲ್ಲಿ, ಎಂಟನೆಯ ಅಡ್ಡರಸ್ತೆಗೆ ಸಮೀಪದ ಒಂದು ಮನೆಯಲ್ಲಿ. ಆ ಮಹನೀಯರು ನನಗಿಂತ ಹಿರಿಯರು, ಸಜ್ಜನರು. ಗಾಜಿನ ಬಾಗಿಲಿನ ಕಪಾಟಿನಲ್ಲಿ ಅವರ ಸಂಗ್ರಹವಿದೆ: ತೆರೆಯದ ಪೆಟ್ಟಿಗೆಗಳು, ಒಂದರ ಮೇಲೊಂದು, ಗ್ರಂಥಗಳಂತೆ. ನನ್ನ ಪಿಸ್ಟನ್ನು ಎರಡನೆಯ ಅಂತಸ್ತಿನಲ್ಲಿತ್ತು. ಬೆಲೆ ಕೇಳಿದೆ. ಅವರು ನಕ್ಕರು. “ಪೆಟ್ಟಿಗೆ ಒಡೆದರೆ ಅದಕ್ಕೆ ಬೆಲೆಯೇ ಇಲ್ಲ,” ಎಂದರು.

ನಾನು ಆ ದಿನ ಸ್ವಲ್ಪ ಕಟುವಾಗಿಯೇ ಮಾತಾಡಿದೆ. ಪೆಟ್ಟಿಗೆ ಒಡೆಯದಿದ್ದರೆ ಅದು ಪಿಸ್ಟನ್ನೇ ಅಲ್ಲ, ನಾಣ್ಯ, ಎಂದೆ. ಬೆಂಗಳೂರಿನಲ್ಲಿ ಎಷ್ಟು ಗಾಡಿಗಳು ಇಂಥದೊಂದು ಭಾಗವಿಲ್ಲದೆ ಮೆಟ್ಟಿಲ ಕೆಳಗೆ ನಿಂತಿವೆಯೆಂದು ಕೇಳಿದೆ. ಒಬ್ಬ ವಿದ್ಯಾರ್ಥಿ ತನ್ನ ಅಜ್ಜನ ಗಾಡಿಯನ್ನು ಓಡಿಸಬೇಕೆಂದು ಆಸೆಪಟ್ಟರೆ, ಅವನಿಗೂ ಅದಕ್ಕೂ ನಡುವೆ ಈ ಗಾಜಿನ ಬಾಗಿಲು ನಿಲ್ಲುವುದು ನ್ಯಾಯವೆ? ಅವರು ಶಾಂತರಾಗಿ ಒಂದು ಮಾತು ಹೇಳಿದರು: ಎಲ್ಲರೂ ಹಾಕಿ ಸವೆಸಿಬಿಟ್ಟರೆ, ನಾಳೆ ಒಬ್ಬನು ಸರಿಯಾದ ಪಿಸ್ಟನ್ನನ್ನು ಮಾಡಬೇಕೆಂದು ಹೊರಟಾಗ ಅಳತೆ ತೆಗೆಯಲು ಯಾವುದನ್ನು ನೋಡಬೇಕು?

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ತಾಳೆಗರಿಯ ಮೂಲಪ್ರತಿಯನ್ನು ದಿನವೂ ಓದಿ ಹರಿಯಬಾರದೆಂಬುದು ನಮಗೆ ಒಪ್ಪಿಗೆಯಾದರೆ, ಪ್ರತಿಯೊಂದು ಭಾಗದಲ್ಲಿಯೂ ಒಂದು ಮಾದರಿ ತೆರೆಯದೆ, ಸವೆಯದೆ ಉಳಿಯಬೇಕೆಂಬುದೂ ಒಪ್ಪಬೇಕಾದ ಮಾತೇ. ಆದರೆ ಆ ಮಾದರಿ ಇರಬೇಕಾದದ್ದು ಯಾರ ಮನೆಯ ಕಪಾಟಿನಲ್ಲಿಯೂ ಅಲ್ಲ. 1962ರಿಂದ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಂಥ ಕಡೆಯಲ್ಲಿ, ಇಲ್ಲವೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ, ನಕ್ಷೆಯೊಡನೆ, ಲೋಹದ ಪರೀಕ್ಷೆಯ ವಿವರದೊಡನೆ, ಬಂದವರು ಅಳೆಯಲು ಅವಕಾಶವಿರುವಂತೆ ಇರಬೇಕು. ಒಂದು, ಬೇಕಾದರೆ ಎರಡು. ಮೂರನೆಯದು ಓಡಬೇಕು. ನಮ್ಮ ಮಹನೀಯರ ಕಪಾಟಿನಲ್ಲಿ ಆ ಅಳತೆಯವು ನಾಲ್ಕಿದ್ದುವು.

ಎರಡನೆಯ ಸಲ ಹೋದಾಗ ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಪಿಸ್ಟನ್ನನ್ನು ತೆಗೆದುಕೊಂಡಮೇಲೆ ಪೆಟ್ಟಿಗೆಯನ್ನು ತಮಗೆ ಹಿಂದಿರುಗಿಸಬೇಕು. ಮೇಸ್ತ್ರಿ ಅಂಚು ಹರಿಯದಂತೆ ಬ್ಲೇಡಿನಿಂದ ಅಂಟು ಬಿಡಿಸಿದ. ಪಿಸ್ಟನ್ನನ್ನು ಅಳೆದ, ರಿಂಗುಗಳನ್ನು ಒಂದೊಂದಾಗಿ ಸಿಲಿಂಡರಿನೊಳಗಿಟ್ಟು ಬಾಯಿಯ ಸಂದನ್ನು ನೋಡಿದ, ಆ ಪಿಸ್ಟನ್ನಿಗೆ ತಕ್ಕಂತೆ ಸಿಲಿಂಡರನ್ನು ಕೊರೆಸಿದ. ಎರಡು ಬದಿಗೂ ಈ ವರ್ಷ ತಯಾರಾದ ಸೀಲುಗಳನ್ನು ಹಾಕಿದ. ಅವುಗಳ ಬೆಲೆ ನನ್ನ ಮೊದಲಿನ ಪೊಟ್ಟಣದ ಕಾಲುಭಾಗ. ಖಾಲಿ ಪೆಟ್ಟಿಗೆಯನ್ನು ನಾನು ಮಲ್ಲೇಶ್ವರಕ್ಕೆ ತಲಪಿಸಿದೆ. ಅದು ಈಗಲೂ ಎರಡನೆಯ ಅಂತಸ್ತಿನಲ್ಲಿ, ಮುಖ ಹೊರಗಾಗಿ, ತನ್ನ ಸ್ಥಾನದಲ್ಲಿದೆ.

ಮೊನ್ನೆ ಅವರೇ ದೂರವಾಣಿಯಲ್ಲಿ ಮಾತಾಡಿದರು. ಬಹಳ ಕಾಲದ ಮೇಲೆ ತಮ್ಮ ಗಾಡಿಯನ್ನು ಹೊರತೆಗೆದಿದ್ದರಂತೆ. ಸಂಪಿಗೆ ರಸ್ತೆಯಲ್ಲಿ ಹಿಡಿಕೆ ಬಿಟ್ಟರೂ ಎಂಜಿನ್ನಿನ ಸದ್ದು ಇಳಿಯುತ್ತಿಲ್ಲವಂತೆ. ಬಲಗಡೆಯ ಸೀಲು ಯಾವಾಗಿನದೆಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, ಕಪಾಟಿನದು, ಎಂದರು. ಗಾಡಿಯನ್ನು ಇನ್ನು ಒದೆಯಬೇಡಿರೆಂದು ಹೇಳಿದ್ದೇನೆ. ಈ ಭಾನುವಾರ ಮೇಸ್ತ್ರಿಯನ್ನು ಕರೆದುಕೊಂಡು ಹೋಗಬೇಕು.